ಕೇಳದೆ ಒಯ್ದ ಎತ್ತು

ಗುಂಜೋಟಿಯಲ್ಲಿ ಎತ್ತು ಎರವಲು ಕೇಳುವುದಕ್ಕೂ ಒಂದು ರೀತಿ ಇತ್ತು. ಮಣ್ಣಿನ ಹಸಿ ಆರುವುದರೊಳಗೆ ಬಿತ್ತನೆ ಮುಗಿಸಬೇಕಾದವನು ಇರ್ಜಿಕ ಕರೆಯುತ್ತಿದ್ದ. ಊರವರೆಲ್ಲ ತಮ್ಮ ಎತ್ತು ಕಳಿಸಿ ಅವನ ಹೊಲ ಹೊಡೆದುಕೊಡುವುದು, ಅವನು ಎಲ್ಲರಿಗೂ ಹೊಟ್ಟೆ ತುಂಬ ಉಣ್ಣಿಸುವುದು. ಆದರೆ ಹಿಂದಿನ ದಿನವೇ ಅವನು ಮನೆಮನೆಗೆ ಹೋಗಿ ಕೇಳಬೇಕು. ನಿಮ್ಮ ಎತ್ತನ್ನು ಎಡಕ್ಕೆ ಹೂಡುವುದೋ ಬಲಕ್ಕೋ? ಹಿಂಡಿ ತಿನ್ನುತ್ತದೋ, ಬರೀ ಜೋಳದ ಕಣಕಿಯೋ? ಯಾವುದಕ್ಕೆ ಬೆದರುತ್ತದೆ? ಕೇಳದೆ ಹಗ್ಗ ಬಿಚ್ಚಿದವನಿಗೆ ಮರುವರ್ಷ ಯಾರೂ ಎತ್ತು ಕೊಡುತ್ತಿರಲಿಲ್ಲ.

ಇಂಥ ಊರಿನಿಂದ ರೇವಣಪ್ಪನನ್ನು ಒಯ್ದವರು ಮಾತ್ರ ಏನೂ ಕೇಳಲಿಲ್ಲ.

ರೇವಣಪ್ಪ ಸರುಬಾಯಿಯ ಗಂಡ. ನಿಜಾಮನ ರಜಾಕಾರರ ಗದ್ದಲದಲ್ಲಿ ಸೋಲಾಪುರದ ಕಡೆಗೆ ಓಡಿಹೋಗಿ ಗಡಿಯ ಕ್ಯಾಂಪಿನಲ್ಲಿ ಬಂದೂಕು ಹಿಡಿಯುವುದು ಕಲಿತಿದ್ದ. ಪೊಲೀಸ್ ಕಾರ್ಯಾಚರಣೆ ಮುಗಿದು ಎಲ್ಲರೂ ತಮ್ಮ ತಮ್ಮ ಕುಂಟೆ ಕೂರಿಗೆಗೆ ಮರಳಿದರೂ ಇವನ ಕೈ ಮರಳಲಿಲ್ಲ. ಫೌಜಿಗೆ ಸೇರಿದ. ಕೆಲವು ವರ್ಷಕ್ಕೆ ಅವನ ತಮ್ಮ ಮಾಣಿಕಪ್ಪನೂ ಅದೇ ದಾರಿ ಹಿಡಿದ. ಹೊಲ, ಮನೆ, ಜೋಡೆತ್ತು ಎಲ್ಲ ಸರುಬಾಯಿಯ ಪಾಲಿಗೆ ಬಂತು. ಮಕ್ಕಳಿರಲಿಲ್ಲ. ಒಬ್ಬಳಿಗೆ ಎಷ್ಟು ರೊಟ್ಟಿ ಬೇಕು? ಆದರೂ ದಿನಾ ಎರಡು ಹೆಚ್ಚಿಗೆ ಬಡಿಯುತ್ತಿದ್ದಳು, ಸಂಜೆಗೆ ಎತ್ತುಗಳಿಗೆ ಮುರಿದು ಹಾಕುತ್ತಿದ್ದಳು. ಒಬ್ಬಂಟಿ ಹೆಂಗಸಿನ ಮೇಲೆ ಊರಿಗೆ ಯಾವಾಗಲೂ ಕಣ್ಣು. ಊರು ಅಂದದ್ದಕ್ಕೆಲ್ಲ ಕಿವಿಗೊಟ್ಟರೆ ಬಾಳುವೆ ಆದೀತೇ ಎಂದು ತನ್ನ ಪಾಡಿಗೆ ತಾನಿದ್ದಳು.

ಕಡೆಯ ಸಲ ರಜೆಗೆ ಬಂದಾಗ ರೇವಣಪ್ಪ ಹೊಸ ಸುದ್ದಿ ಹೇಳಿದ.

"ಈ ಸಲ ಸಮುದ್ರದ ಆಚಿ ಹೋಗೋದದ. ಗಾಜಾ ಅಂತ."

"ಯಾರ ಕೂಡ ಲಡಾಯಿರೀ?"

"ಯಾರ ಕೂಡಾನೂ ಇಲ್ಲ. ಅಣ್ಣತಮ್ಮ ಬದುವಿನ ಮ್ಯಾಗ ಕೊಡ್ಲಿ ಹಿಡಕೊಂಡು ನಿಂತಾರ ಅಂತ ತಿಳಕೋ. ನಾವು ನಡುವ ನಿಲ್ಲೋದು. ಹೊಡಿಯೋದಿಲ್ಲ, ಬರೇ ನಿಲ್ಲೋದು. ಹತ್ತು ದೇಶದವ್ರು ತಮ್ಮ ತಮ್ಮ ಮಂದಿ ಕೊಟ್ಟಾರ, ನಮ್ಮವ್ರೂ ಕೊಟ್ಟಾರ."

"ಇರ್ಜಿಕ ಅನ್ರಿ ಹಂಗಾದ್ರ."

"ಹಂಗೇ."

"ಮನೀಗಿ ಬಂದು ಯಾರೂ ಕೇಳ್ಲಿಲ್ಲಲ್ರೀ ಮತ್ತ? ನಡುವ ನಿಂತವಗೇ ಮೊದಲ ಪೆಟ್ಟು ಬೀಳ್ತದ."

ರೇವಣಪ್ಪ ನಕ್ಕ. ಹೊರಡುವ ಮುಂಜಾನೆ ಅವನ ಕೊರಳಿನ ಲಿಂಗದ ದಾರ ಸವೆದಿತ್ತೆಂದು ಅವಳೇ ಹೊಸ ದಾರ ಹೊಸೆದು ಕಟ್ಟಿದಳು.

ಅವನನ್ನು ಯಾರೂ ಹೊಡೆಯಲಿಲ್ಲ. ಹಳೆಯ ಲಡಾಯಿಯಲ್ಲಿ ಯಾರೋ ಉಸುಕಿನಲ್ಲಿ ಹೂತು ಮರೆತುಹೋದ ಬಾಂಬಿನ ಮೇಲೆ ಕಾಲಿಟ್ಟ, ಅಷ್ಟೇ. ಆ ಹೊತ್ತಿಗೆ ಜಿಲ್ಲೆ ಮುಂಬೈ ರಾಜ್ಯಕ್ಕೆ ಸೇರಿ, ಕಚೇರಿಯಲ್ಲಿ ಉರ್ದು ಹೋಗಿ ಮರಾಠಿ ಬಂದಿತ್ತು. ಉಮರ್ಗಾ ತಹಸೀಲಿನ ಜವಾನ ಸರುಬಾಯಿಯ ಅಂಗಳದಲ್ಲಿ ನಿಂತು ಮರಾಠಿಯಲ್ಲೇ ಸುದ್ದಿ ಹೇಳಿದ. ಅವಳು ಕಂಬ ಹಿಡಿದು ನಿಂತು ಕೇಳಿದ್ದು ಒಂದೇ ಮಾತು.

"ಕುಂಡ್ರಿಸಿದ್ರಾ?"

ಜವಾನನಿಗೆ ಅರ್ಥವಾಗಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಹೋದ. ತಲೆ ನೆಟ್ಟಗೇ ಇತ್ತು. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಅದರೊಳಗೆ ಕೊರೆದ ಗೂಡಿನಲ್ಲಿ ಕೂಡಿಸಿ, ಹುಟ್ಟಿದಾಗಿನಿಂದ ಎದೆಯ ಮೇಲಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ತುಂಬಿ ಮಣ್ಣು ಎಳೆಯುತ್ತಾರೆ. ಇಷ್ಟಾದರೆ ಮನುಷ್ಯ ಮನೆ ಮುಟ್ಟಿದ ಹಾಗೆ. ಆಗದಿದ್ದರೆ? ಆ ಪರದೇಶದಲ್ಲಿ ಇದು ಯಾರಿಗೆ ಗೊತ್ತು? ಉಮರ್ಗಾಕ್ಕೆ ಹೋಗಿ ಕೇಳಿದಳು. ರುಪಾಯಿಯ ಮಾತು ಹೇಳಿದರು, ಸಹಿಯ ಮಾತು ಹೇಳಿದರು, ಕೂಡಿಸಿದ ಮಾತು ಯಾರೂ ಹೇಳಲಿಲ್ಲ. ಎಲ್ಲರೆದುರು ಅವಳು ಅಳಲೂ ಇಲ್ಲ. ಅತ್ತರೆ ಯಾವ ಮಣ್ಣಿನ ಕಡೆ ಮುಖಮಾಡಿ ಅಳುವುದು? ಗಂಡನ ಸಾವಿಗೆ ಕಣ್ಣೀರಿಲ್ಲದವಳು ಎಂದು ಊರು ಆಡಿಕೊಂಡಿತು.

ಹಿಂಗಾರಿ ಜೋಳ ಹಾಲುಗಾಳಾದಾಗ ಖಂಡೆಪ್ಪ ಬಂದ. ನಿಲಂಗಾದ ಕಡೆಯವನು, ರೇವಣಪ್ಪನ ಜೊತೆ ಒಂದೇ ಡೇರೆಯಲ್ಲಿ ಇದ್ದವನು. ಹೊಸಿಲು ದಾಟುವ ಮೊದಲು ಕಾಲು ತೊಳೆದ. ಬಿಳಿ ಬಟ್ಟೆ ಸುತ್ತಿದ ಒಂದು ಗಡಿಗೆಯನ್ನು ಮಗುವನ್ನು ಇಳಿಸುವ ಹಾಗೆ ಇಳಿಸಿದ.

"ವೈನಿ, ಅಣ್ಣಾಗ ಏನೂ ಕಮ್ಮಿ ಮಾಡ್ಲಿಲ್ಲರಿ. ಆ ಉಸುಕಿನಾಗ ಕಟ್ಟಗಿ ಸಿಗಂಗಿಲ್ಲ. ಊರೂರು ತಿರುಗಿ ತಂದೆ. ತುಪ್ಪ ತಂದೆ. ನಾನೇ ಬೆಂಕಿ ಕೊಟ್ಟೆ, ತಮ್ಮ ಕೊಟ್ಟಂಗ."

ಸರುಬಾಯಿ ಗೋಡೆಗೆ ಆತುಕೊಂಡಳು. ಅವಳ ಎದೆಯೊಳಗೆ ಏನಾಯಿತೆಂದು ಆ ಬಡಪಾಯಿಗೆ ತಿಳಿಯಲಿಲ್ಲ. ಅವನ ಮನೆಯಲ್ಲಿ ಸುಡುವ ಪದ್ಧತಿ. ಅವನು ತನ್ನ ಒಡಹುಟ್ಟಿದವನಿಗೆ ಮಾಡುವುದನ್ನೇ ಮಾಡಿದ್ದ. ಆಮೇಲೆ ಅವನು ಜೇಬಿನಿಂದ ಸಣ್ಣ ಗಂಟು ತೆಗೆದ.

"ದೇವರನ್ನ ಬೆಂಕಿಗೆ ಹೆಂಗ ಹಾಕ್ಲಿ ಅಂತ ಕೊರಳಾಗಿಂದು ಬಿಚ್ಚಿ ಇಟ್ಟಕೊಂಡೆ. ದಿನಾ ಜಳಕ ಮಾಡೇ ನೀರು ಹಾಕೀನ್ರಿ ಇದಕ್ಕ."

ಅವಳು ಹೊಸೆದ ದಾರ ಹಾಗೇ ಇತ್ತು. ಬದುಕಿದ್ದಾಗ ಒಂದು ಗಳಿಗೆ ಅಗಲಬಾರದ ಲಿಂಗ, ಸತ್ತ ಮೈಯಿಂದ ಅಗಲಿ ಸಮುದ್ರ ದಾಟಿ ಬಂದಿತ್ತು.

"ನಮ್ಮಲ್ಲಿ ಸುಡಂಗಿಲ್ಲೋ ಯಪ್ಪಾ," ಎಂದಳು. "ಕುಂಡ್ರಿಸಿ ಹೂಳ್ತಾರ. ಲಿಂಗ ಅವ್ರ ಕೈಯಾಗೇ ಇಡ್ತಾರ."

ಖಂಡೆಪ್ಪನ ಮುಖದ ಬಣ್ಣ ಇಳಿಯಿತು.

"ನನಗ ಯಾರೂ ಹೇಳ್ಲಿಲ್ಲ ವೈನಿ. ಕಾಗದದಾಗ ಹಿಂದೂ ಅಂತ ಇತ್ತು. ಸಾಹೇಬ್ರು ಸುಡ್ರಿ ಅಂದ್ರು. ಅಣ್ಣಾಗ ನಾನರೆ ಒಂದಿನ ಕೇಳಬೇಕಿತ್ತು... ಬದುಕಿದ್ದವಗ ಇದು ಹೆಂಗ ಕೇಳೋದು?" ಎಂದು ಮಗುವಿನಂತೆ ಅತ್ತ. ಗಂಡನಿಗಾಗಿ ಅಳದ ಸರುಬಾಯಿ ಆ ಅಳು ನೋಡಿ ತಾನೂ ಅತ್ತಳು. ತಪ್ಪು ಮಾಡಿದವನಿಗೆ ಬಿಸಿ ರೊಟ್ಟಿ ಬಡಿದು, ಬೇಡವೆಂದರೂ ಉಣ್ಣಿಸಿದಳು.

ಸಮಾಧಿಯ ವಿಧಿ ಮಾಡಿಕೊಡಿರೆಂದು ಸರುಬಾಯಿ ಮಠಕ್ಕೆ ಹೋಗಿ ಕೇಳಿದಳು. ಅಯ್ಯನವರು ಒಳ್ಳೆಯವರೇ. "ಬೂದಿಗೆ ಸಮಾಧಿ ಎಲ್ಲೀದವ್ವಾ," ಎಂದು ವಿಭೂತಿ ಕೊಟ್ಟು ಕಳಿಸಿದರು. ಮರುದಿನ ಸರುಬಾಯಿ ಹೊಲದ ಮೂಲೆಯ ಬೇವಿನ ಕೆಳಗೆ ತಾನೇ ಕುಣಿ ತೋಡಲು ನಿಂತಳು. ಖಂಡೆಪ್ಪ ಸಲಿಕೆ ಹಿಡಿದ. ಗೂಡು ಕೊರೆದು ಗಡಿಗೆ ಕೂಡಿಸಿದರು. ಲಿಂಗ ಇಡುವಾಗ ಅವಳ ಕೈ ತಡೆಯಿತು. ಗಡಿಗೆಗೆ ಎಡ ಯಾವುದು, ಬಲ ಯಾವುದು? ಮನೆಯ ಕಡೆ ಮುಖಮಾಡಿ ಕುಂತಾನೆ ಎಂದುಕೊಂಡು, ಆ ಲೆಕ್ಕದಲ್ಲಿ ಎಡಕ್ಕೆ ಇಟ್ಟಳು. ಆದರೆ ಅದು ತನ್ನ ಸಮಾಧಾನಕ್ಕೆ ಮಾಡಿಕೊಂಡ ಲೆಕ್ಕ ಎಂದು ಅವಳಿಗೆ ಗೊತ್ತಿತ್ತು. ಆ ಸುಳ್ಳಿನ ಜೊತೆ ಒಬ್ಬಳೇ ಇರಬೇಕಾಯಿತು.

ಒಂದೆರಡು ವರ್ಷಕ್ಕೆ ಮಾಣಿಕಪ್ಪನ ಪಲ್ಟನ್ನಿಗೂ ಗಾಜಾದ ಪಾಳಿ ಬಂತು. ಅದೇ ಹೊತ್ತಿಗೆ ಫೌಜಿನ ಒಬ್ಬ ಸಾಹೇಬರು ಉಮರ್ಗಾಕ್ಕೆ ಬಂದು ಸಿಪಾಯಿಗಳ ಮನೆಯವರನ್ನು ಕರೆಸಿ, ಏನು ತ್ರಾಸು ಇದೆ ಎಂದು ವಿಚಾರಿಸಿದರು. ಒಬ್ಬರು ಜಮೀನು ಕೇಳಿದರು, ಒಬ್ಬರು ಹೊಲಿಗೆ ಮಷಿನ್ನು. ಸರುಬಾಯಿಯ ಸರದಿ ಬಂತು. ಅವಳು ಸೆರಗು ಸರಿಮಾಡಿಕೊಂಡಳು.

"ನನಗೇನೂ ಬ್ಯಾಡ್ರಿ ಸಾಹೇಬ್ರ. ನಮ್ಮೂರಾಗ ಎತ್ತು ಒಯ್ಯೋವ್ರು ಅದು ಏನು ತಿಂತದ, ಯಾ ಕಡಿ ಹೂಡ್ಬೇಕು ಅಂತ ಮೊದಲ ಕೇಳ್ತಾರ. ನೀವು ಮನುಷ್ಯಾನ್ನ ಒಯ್ತೀರಿ. ಸತ್ರ ಸುಡಬೇಕೋ ಹೂಳಬೇಕೋ, ಅದೊಂದು ಮಾತು ಮನೀಗಿ ಕೇಳಿ ಒಯ್ರಿ. ಇಲ್ಲಂದ್ರ ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಆಗ್ತದ."

ಜೊತೆಗಿದ್ದವರು ಮರಾಠಿಗೆ ತಿರುಗಿಸಿ ಹೇಳಿದರು. ಸಾಹೇಬರು ಅದನ್ನು ಕಾಗದದಲ್ಲಿ ಬರೆದುಕೊಂಡರು. "ಮೇಲಿನವರಿಗೆ ಹೇಳ್ತೀನಿ ತಾಯಿ," ಎಂದರು. ಇಂಥ ಮಾತು ಸರುಬಾಯಿ ನಿಜಾಮನ ಕಾಲದಿಂದ ಕೇಳಿದ್ದಳು. ನಮಸ್ಕಾರ ಮಾಡಿ ಊರಿಗೆ ನಡೆದಳು.

ಗಾಜಾದಿಂದ ಮಾಣಿಕಪ್ಪ ಮೈ ಕಪ್ಪಾಗಿ ತಿರುಗಿ ಬಂದ. ಉಣ್ಣುತ್ತಾ ಉಣ್ಣುತ್ತಾ ಅಲ್ಲಿಯ ಖರ್ಜೂರದ ಗಿಡ, ನೀಲಿ ಟೊಪ್ಪಿಗೆ, ತಿಳಿಯದ ಭಾಷೆಯ ಸಿಪಾಯಿಗಳ ಸುದ್ದಿ ಹೇಳಿದ. ನಡುವೆ ನಕ್ಕ.

"ವೈನಿ, ಹಡಗ ಹತ್ತೋಕ್ಕಿಂತ ಮೊದಲ ಒಬ್ಬೊಬ್ಬರನ್ನ ಕರದು ಕೇಳಿದ್ರ, ನಿಮ್ಮಲ್ಲಿ ಸುಡ್ತಾರೋ ಹೂಳ್ತಾರೋ ಅಂತ. ಎಲ್ಲಾರೂ ಬೈದ್ರು, ಹೊಂಟಾಗೇ ಅಪಶಕುನ ನುಡಿತಾರ ಅಂತ. ನಾ ಎಲ್ಲಾ ಹೇಳ್ದೆ. ಕುಂಡ್ರಿಸ್ಬೇಕು, ಎಡಗೈಯಾಗ ಲಿಂಗ ಇಡಬೇಕು ಅಂತ."

ಸರುಬಾಯಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಕೈ ತೊಳೆದು ಅಡ್ಡಾದ ಮೇಲೆ ಹೊಲಕ್ಕೆ ಹೋದಳು. ಬೇವಿನ ಕೆಳಗೆ ಆ ಮಣ್ಣಿನ ಪಕ್ಕ ಕೂತು, ಅದರ ಮೇಲೆ ಬಿದ್ದ ಒಣ ಎಲೆಗಳನ್ನು ಒಂದೊಂದಾಗಿ ತೆಗೆದಳು.

"ಕೇಳ್ಯಾರಂತ್ರೀ," ಎಂದಳು. "ಮಾಣಿಕಗ ಕೇಳ್ಯಾರಂತ."

ಉಳಿದಿದ್ದ ಕೊನೆಯ ಎಲೆಯನ್ನೂ ತೆಗೆದಳು.

"ನಿಮಗೂ ಕೇಳ್ಬೇಕಿತ್ತು."