ಖಾಲಿ ಫಾರಂ ಕೆಳಗಿನ ಸಹಿ

ಕಾಲೇಜು ಕೋಪರಖೈರಣೆಯಲ್ಲಿ, ಮನೆ ಡೊಂಬಿವಲಿಯಲ್ಲಿ. ಸಂಜೆ ಐದೂ ಹತ್ತರ ಲೋಕಲ್ ಸಿಕ್ಕರೆ ಠಾಣೆ ಸ್ಟೇಷನ್ನಿನಲ್ಲಿ ಇಳಿದು ಮುಂದಿನ ಗಾಡಿಯಲ್ಲಿ ಕಾಲಿಡಲು ಜಾಗವಾದರೂ ಇರುತ್ತಿತ್ತು. ತಪ್ಪಿದರೆ ಬಾಗಿಲಲ್ಲಿ ಜೋತಾಡಬೇಕು. ನಾನು ಪಾಠ ಮಾಡುತ್ತಿದ್ದ ಆ ವರ್ಷಗಳಲ್ಲಿ ನನ್ನ ತೀರ್ಮಾನಗಳನ್ನೆಲ್ಲ ಆ ಐದೂ ಹತ್ತರ ಗಾಡಿಯೇ ಮಾಡಿತು.

ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂದಿತ್ತು. ಪ್ರತಿ ವಿದ್ಯಾರ್ಥಿ ಸಂಘಕ್ಕೂ ಒಬ್ಬ ಅಧ್ಯಾಪಕರು ಹೊಣೆಯಾಗಿರಬೇಕು. ಮಕ್ಕಳು ಹೊರಗೆ ಹೋಗುವಾಗ ಆ ಅಧ್ಯಾಪಕರು ಜೊತೆಗಿರಬೇಕು. ಫಾರಂನಲ್ಲಿ ಅವರ ಸಹಿ, ಮೊಬೈಲ್ ನಂಬರ್ ಇರಬೇಕು, ಅದರ ಒಂದು ಪ್ರತಿ ಪೋಷಕರಿಗೆ ಹೋಗಬೇಕು. ಮಳೆಗಾಲದಲ್ಲಿ ನೀರಿನ ಹತ್ತಿರ ಹೋಗಲೇಕೂಡದು. ನಿಸರ್ಗ ಮಂಡಳ ನನ್ನ ಪಾಲಿಗೆ ಬಂತು. ನಿಸರ್ಗದ ಮೇಲೆ ನನಗೇನೂ ಪ್ರೀತಿ ಉಕ್ಕುತ್ತಿರಲಿಲ್ಲ. ನಾನು ವರ್ಷ ವರ್ಷವೂ ನವೀಕರಿಸಬೇಕಾದ ಗುತ್ತಿಗೆಯವಳು, ಬೇಡ ಎನ್ನುವಂತಿರಲಿಲ್ಲ, ಅಷ್ಟೆ.

ಮಂಡಳದ ಕಾರ್ಯದರ್ಶಿ ಚುರುಕು ಹುಡುಗಿ. ಗಿಡ ನೆಡುವುದಕ್ಕೆ, ಪೋಸ್ಟರ್ ಅಂಟಿಸುವುದಕ್ಕೆ, ಎಲ್ಲದಕ್ಕೂ ಫಾರಂ ಹಿಡಿದು ನಾನು ಸ್ಟೇಷನ್ನಿಗೆ ಓಡುವ ಹೊತ್ತಿಗೇ ಎದುರಾಗುತ್ತಿದ್ದಳು. ಒಂದು ದಿನ ತಲೆ ಕೆಟ್ಟು ಹತ್ತು ಹನ್ನೆರಡು ಖಾಲಿ ಫಾರಂಗಳ ಕೆಳಗೆ ಸರಸರ ಸಹಿ ಹಾಕಿ, ನಂಬರ್ ಬರೆದು, "ಇಟ್ಟುಕೋ, ಬೇಕಾದಾಗ ತುಂಬಿಸಿಕೋ" ಎಂದು ಅವಳ ಕೈಗೆ ತುರುಕಿದೆ. ಎಂಥ ಜಾಣತನ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಗಾಡಿ ಹತ್ತಿದೆ. ನನ್ನ ಸಹಿ ಕಂಡರೆ ಆಫೀಸಿನವರು ಮೇಲಿನದನ್ನು ಓದದೆಯೇ ಸೀಲು ಒತ್ತುತ್ತಿದ್ದರು.

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಿಕ್ಸಿಯಲ್ಲಿ ಚಟ್ನಿ ತಿರುವುತ್ತಿದ್ದಾಗ ಫೋನ್ ಬಂತು. ಒಬ್ಬ ಹೆಂಗಸು, ಮಂಗಳೂರು ಕಡೆಯ ಕನ್ನಡ. ನಮ್ಮ ಎರಡನೇ ವರ್ಷದ ಹುಡುಗಿಯೊಬ್ಬಳ ತಾಯಿ.

"ಟೀಚರ್, ಮಳೆ ಜೋರುಂಟಲ್ಲ, ಅದಕ್ಕೆ ಫೋನ್ ಮಾಡಿದ್ದು. ಮಕ್ಕಳೆಲ್ಲ ನಿಮ್ಮೊಟ್ಟಿಗೇ ಇದ್ದಾರಲ್ಲ?"

"ಇದ್ದಾರೆ, ಇದ್ದಾರೆ" ಎಂದೆ. ಅದು ಬರೀ ಅಭ್ಯಾಸದ ಮಾತು. ಪೋಷಕರ ಯಾವ ಪ್ರಶ್ನೆಗೂ ನಾನು ಮೊದಲು ಹೌದು ಎಂದು, ಆಮೇಲೆ ಯೋಚಿಸುವವಳು.

"ಹಾಗಾದರೆ ಹೆದರಿಕೆ ಇಲ್ಲ. ಚೀಟಿಯಲ್ಲಿ ಖಾರ್ಘರ್ ಜಲಪಾತ ಅಂತ ನೋಡಿ ಇವರು ಬೇಡ ಅಂದರು. ಟೀಚರ ಸಹಿ ಉಂಟು, ಟೀಚರೇ ಹೋಗುತ್ತಾರೆ ಅಂತ ನಾನೇ ಕಳಿಸಿದೆ."

ಫೋನ್ ಇಟ್ಟ ಮೇಲೂ ಮಿಕ್ಸಿಯ ಮುಂದೆ ನಿಂತೇ ಇದ್ದೆ. ಪ್ರತಿ ಮಳೆಗಾಲವೂ ಪತ್ರಿಕೆಯಲ್ಲಿ ಎಲ್ಲೋ ಒಂದು ಬೆಟ್ಟದ ನೀರಿನಲ್ಲಿ ಕೊಚ್ಚಿಹೋದ ಕಾಲೇಜು ಮಕ್ಕಳ ಸುದ್ದಿ ಬರುತ್ತದೆ. ಕೊನೆಗೆ 'ಜೊತೆಯಲ್ಲಿದ್ದ ಅಧ್ಯಾಪಕರು' ಎಂಬ ಒಂದು ಸಾಲೂ ಇರುತ್ತದೆ. ಕಾರ್ಯದರ್ಶಿಯ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ.

ಛತ್ರಿ ಹಿಡಿದು ಖಾರ್ಘರ್‌ಗೆ ಹೊರಟೆ. ಠಾಣೆ ಸ್ಟೇಷನ್ನಿಗೆ ಬಂದರೆ ಭಾನುವಾರದ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಖಾರ್ಘರ್ ಮೂಲಕ ಪನವೇಲ್ ಕಡೆ ಹೋಗುವ ಗಾಡಿಗಳೆಲ್ಲ ನಾಲ್ಕು ಗಂಟೆಯವರೆಗೆ ಬಂದ್. ಹೊರಗೆ ಬಂದು ರಿಕ್ಷಾದವರನ್ನು ಅಂಗಲಾಚಿದೆ. ರಸ್ತೆಯಲ್ಲೆಲ್ಲ ನೀರು, ಯಾರೂ ಬರುವುದಿಲ್ಲ ಎಂದರು. ವಾಪಸು ಬಂದು ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಕೂತೆ. ನಿಜ ಹೇಳುತ್ತೇನೆ, ನನ್ನ ಮೊದಲ ಹೆದರಿಕೆ ನೌಕರಿಯದು. ಮಕ್ಕಳದು ಆಮೇಲೆ ಬಂತು. ಆದರೆ ಬಂದದ್ದು ಹೋಗಲಿಲ್ಲ. ತಗಡಿನ ಮೇಲೆ ಮಳೆ ಜೋರಾದಾಗಲೆಲ್ಲ ಒಂದೊಂದು ಮುಖ ನೆನಪಾಗುತ್ತಿತ್ತು: ಮೊದಲ ಬೆಂಚಿನವಳು, ಸದಾ ಆಕಳಿಸುವವನು, ಆ ತಾಯಿಯ ಮಗಳು.

ಎರಡು ಗಂಟೆಗೆ ಮತ್ತೆ ಆ ತಾಯಿಯ ಫೋನ್. "ಟೀಚರ್, ಅವಳಿಗೆ ಒಮ್ಮೆ ಫೋನ್ ಕೊಡುತ್ತೀರಾ? ಸ್ವರ ಕೇಳಿದರೆ ಸಾಕು."

"ಅವಳು ಸ್ವಲ್ಪ ಮುಂದೆ ಹೋಗಿದ್ದಾಳೆ."

"ಮುಂದೆ ಅಂದರೆ?" ಅಷ್ಟರಲ್ಲಿ ನನ್ನ ತಲೆಯ ಮೇಲೆ ಕಲ್ಯಾಣ್ ಗಾಡಿಯ ಘೋಷಣೆ ಶುರುವಾಯಿತು. "ಸ್ಟೇಷನ್ನಿನಲ್ಲಿದ್ದೀರಾ?"

"ಹೌದು, ಹೊರಟಿದ್ದೇವೆ. ಮಕ್ಕಳು ಮುಂದಿನ ಡಬ್ಬಿ ಕಡೆ ಹೋದರು" ಎಂದೆ. ಆಕೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಸತ್ತಿರಬಹುದಾದ ಮಗುವನ್ನು ನಾನು ರೈಲು ಹತ್ತಿಸಿ ಮನೆಗೆ ಕಳಿಸಿಬಿಟ್ಟಿದ್ದೆ. ಇನ್ನು ಆಕೆ ಅಡುಗೆ ಬಿಸಿ ಮಾಡಿ ಕಾಯುತ್ತಾಳೆ. ಮತ್ತೆ ಮತ್ತೆ ಕಾರ್ಯದರ್ಶಿಯ ನಂಬರು ಒತ್ತಿದೆ.

ಮೂರೂವರೆಗೆ ಕಾರ್ಯದರ್ಶಿಯೇ ಫೋನ್ ಮಾಡಿದಳು. "ಮ್ಯಾಡಮ್, ಇತ್ನೇ ಮಿಸ್ಡ್ ಕಾಲ್ ಕ್ಯೂಂ?" ಇಷ್ಟೊಂದು ಮಿಸ್ಡ್ ಕಾಲ್ ಯಾಕೆಂದು ಅವಳಿಗೇ ಆಶ್ಚರ್ಯ. ಬೆಟ್ಟದ ಬುಡದಲ್ಲೇ ಪೊಲೀಸರು ಗದರಿಸಿ ಹಿಂದಕ್ಕೆ ಕಳಿಸಿದರಂತೆ. ಫೋನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಖಾರ್ಘರ್ ಸ್ಟೇಷನ್ನಿನಲ್ಲಿ ವಡಾಪಾವ್ ತಿನ್ನುತ್ತಾ ಮೆಗಾಬ್ಲಾಕ್ ಮುಗಿಯಲೆಂದು ಕೂತಿದ್ದರು. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವಳು ಗಾಬರಿಯಾಗಿ, "ಆಪ್ ಕಾ ಸೈನ್ ಥಾ ನಾ ಮ್ಯಾಡಮ್", ನಿಮ್ಮ ಸಹಿ ಇತ್ತಲ್ಲ, ಎಂದಳು. ಆ ತಾಯಿಗೆ ಏನು ಹೇಳಿದ್ದೇನೆಂದು ಅವಳಿಗೆ ತಿಳಿಸಿದೆ.

ಮರುದಿನ ಉಳಿದ ಫಾರಂಗಳನ್ನು ಇಸಿದುಕೊಂಡು ಹರಿಯುತ್ತಿದ್ದಾಗ ಆ ತಾಯಿ ಸ್ಟಾಫ್‌ರೂಮಿಗೆ ಬಂದರು, ಕೈಯಲ್ಲಿ ಪತ್ರೊಡೆಯ ಡಬ್ಬಿ. ಹಿಂದೆ ಮಗಳು.

"ನೀವು ಇದ್ದದ್ದಕ್ಕೆ ಆಯಿತು ಟೀಚರ್. ಮುಂದೆಯೂ ಅಷ್ಟೆ, ನೀವು ಹೋಗುವುದಾದರೆ ಮಾತ್ರ ಇವಳನ್ನು ಕಳಿಸುವುದು."

ನಿಜ ಹೇಳಿಬಿಡಬೇಕೆಂದು ಎದ್ದು ನಿಂತೆ. ಹೇಳುತ್ತಿದ್ದೆ ಎಂದೇ ಇಂದಿಗೂ ನಂಬಿಕೊಂಡಿದ್ದೇನೆ. ಆದರೆ ಅಷ್ಟರಲ್ಲಿ ಹುಡುಗಿ ನನ್ನ ಮುಖ ನೋಡಿ, ತಾಯಿಯ ಕಡೆ ತಿರುಗಿ, "ಮ್ಯಾಡಮ್ ಪೂರಾ ಟೈಮ್ ಹಮಾರೇ ಸಾಥ್ ಥೀ, ಅಮ್ಮಾ", ಪೂರ್ತಿ ಹೊತ್ತು ನಮ್ಮ ಜೊತೆಗೇ ಇದ್ದರು, ಎಂದಳು. ಕಣ್ಣು ಮಿಟುಕಿಸಲಿಲ್ಲ, ತಡವರಿಸಲಿಲ್ಲ. ಮುಂದಿನ ಭಾನುವಾರ ಇದೇ ಧ್ವನಿಯಲ್ಲಿ ಮನೆಯಲ್ಲಿ ಏನು ಹೇಳಿ, ಎಲ್ಲಿಗೆ ಹೊರಡುತ್ತಾಳೋ ಎಂದು ನಿಂತಲ್ಲೇ ಹೆದರಿದೆ.

ತಾಯಿ ನನ್ನನ್ನೇ ನೋಡುತ್ತಿದ್ದರು.

"ಹೌದು" ಎಂದೆ. "ಜೊತೆಗೇ ಇದ್ದೆ."