ದಾಳಿಂಬೆ ಸಿಪ್ಪೆಯ ಒಗರು

ಸಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮಧ್ಯಾಹ್ನ ನಾವು ನಾಲ್ಕು ಜನ ಕೂತಿದ್ದೆವು. ಅವ್ವ ದಾಳಿಂಬೆ ಬಿಡಿಸುತ್ತಿದ್ದಳು. ಮೈ ಬಿರಿದ ಕಾಯಿಗಳನ್ನು ಪೇಟೆಯವರು ಮುಟ್ಟುವುದಿಲ್ಲ, ಅವು ತೋಟದಿಂದ ನೇರ ಮನೆಗೇ ಬರುತ್ತವೆ. ತಮ್ಮ ಗೋಡೆಗೆ ಒರಗಿ ಮೊಬೈಲು ನೋಡುತ್ತಿದ್ದ. ಅವನ ಹೆಂಡತಿ ಏಳು ತಿಂಗಳ ಬಸುರಿ, ಕಾಲು ಚಾಚಿ ಕೂತಿದ್ದಳು. ನಾನು ವಿಜಯಪುರದಿಂದ ಬಸ್ಸಿಗೆ ಬಂದು ಆಗತಾನೇ ಚಪ್ಪಲಿ ಬಿಟ್ಟಿದ್ದೆ. ಮಾತೆಲ್ಲ ಒಂದೇ ಸಂಗತಿಯ ಸುತ್ತ. ತಮ್ಮನ ಹೆಂಡತಿಯ ಮೈಯಲ್ಲಿ ರಕ್ತ ಏರುತ್ತಿರಲಿಲ್ಲ.

ಚೊಚ್ಚಲ ಹೆರಿಗೆ ತವರೂರಾದ ತಿಕೋಟಾದಲ್ಲಿ ಆಗಬೇಕೆಂದು ಆಕೆಗೆ ಬಹಳ ಆಸೆ. ಸೀಮಂತದ ಕುಬಸ ಮಾಡಿ ಕರೆದೊಯ್ಯಲು ಆಕೆಯ ತಾಯಿ ಸೀರೆಯನ್ನೂ ತಂದಿಟ್ಟಿದ್ದರು. ಆದರೆ ವಿಜಯಪುರದ ಡಾಕ್ಟರಬಾಯಿ ಒಪ್ಪಿರಲಿಲ್ಲ. ರಕ್ತ ಹೀಗೇ ಕಡಿಮೆ ಇದ್ದರೆ ಹೆರಿಗೆಯ ಹೊತ್ತಿಗೆ ತಾಯಿಗೂ ಕೂಸಿಗೂ ಅಪಾಯ, ರಕ್ತ ಏರಿಸುವ ಅನುಕೂಲ ಇರುವ ದೊಡ್ಡ ದವಾಖಾನೆಯೇ ಬೇಕು ಎಂದಿದ್ದರು. ಹುಡುಗಿ ಒಳಗೊಳಗೇ ಹೆದರಿದ್ದಳು.

"ಡಾಕ್ಟರಬಾಯಿ ಕೊಟ್ಟ ಗುಳಗಿ ತಪ್ಪದಂಗ ನುಂಗಾಕತ್ತೀಯಿಲ್ಲೋ?" ಎಂದು ಕೇಳಿದೆ.

"ದಿನಾ ನುಂಗತೀನ್ರಿ ಅಕ್ಕಾ."

"ನನ್ನ ಮುಂದನ ನುಂಗತಾಳ," ಎಂದಳು ಅವ್ವ. "ನುಂಗಿದ್ರ ಹೊಟ್ಟಿ ತೊಳಸತೈತಿ ಅಂತಾಳ. ಅದಕ್ಕ ಗುಳಗಿ ಜೋಡಿ ಸಿಪ್ಪಿ ಕಷಾಯ ಕೊಡತೀನಿ. ಹೊಟ್ಟಿ ಗಟ್ಟಿ ಹಿಡಕೋತೈತಿ."

ತಮ್ಮ ಮೊಬೈಲಿನಿಂದ ಕಣ್ಣು ತೆಗೆಯದೆ, "ಅವ್ವನ ಕಷಾಯ ಎಲ್ಲಾ ಬ್ಯಾನಿಗೂ ನಡೀತೈತಿ. ಮೊನ್ನೆ ಟ್ರ್ಯಾಕ್ಟರ್ ಕೆಟ್ಟಾಗ ಅದಕ್ಕೂ ಒಂದ ಗ್ಲಾಸ ಹಾಕೋಣು ಅಂತ ಮಾಡಿದ್ದೆ," ಎಂದ.

"ನಗು ಲೇ, ನಗು. ಬಾಯಾಗ ಹುಣ್ಣ ಎದ್ದು ರೊಟ್ಟಿ ತಿನ್ನಾಕ ಬರಲಾರದಾಗ ಯವ್ವಾ ಯವ್ವಾ ಅಂತ ಬಂದಾವ ಯಾರು?"

ಅವ್ವನ ಮಾತು ಸುಳ್ಳಲ್ಲ. ದಾಳಿಂಬೆಯ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕಡೆ ಬಹಳ ಮನೆಗಳ ರೂಢಿ. ಭೇದಿಯಾದರೆ ಕುದಿಸಿದ ನೀರನ್ನು ಕುಡಿಸುತ್ತಾರೆ. ಬಾಯಿಹುಣ್ಣಿಗೆ, ಒಸಡಿನ ರಕ್ತಕ್ಕೆ, ಗಂಟಲು ಕೆರೆತಕ್ಕೆ ಅದರಲ್ಲೇ ಮುಕ್ಕಳಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನು ಒಗರು ಅಂದರೇನು ಎಂದು ಕೇಳಿದ್ದೆ. ಆಕೆ ಒಂದು ಚೂರು ಸಿಪ್ಪೆಯನ್ನು ನನ್ನ ನಾಲಿಗೆಯ ಮೇಲಿಟ್ಟು, "ಹಿಡೀತಿಲ್ಲೋ? ಅದ ಒಗರು," ಎಂದಿದ್ದಳು. ಈಗ ಓದಿದವರು ಅದನ್ನು ಟ್ಯಾನಿನ್ ಎನ್ನುತ್ತಾರೆ, ಪಾಲಿಫಿನಾಲ್ ಜಾತಿಯದು ಎನ್ನುತ್ತಾರೆ. ಗಿಡ ತನ್ನನ್ನು ಹುಳಹುಪ್ಪಡಿಯಿಂದ ಕಾಯ್ದುಕೊಳ್ಳಲು ಮಾಡಿಕೊಂಡ ವಸ್ತುವಂತೆ. ನನಗಂತೂ ಅಜ್ಜಿಯ ಉತ್ತರವೇ ಹೆಚ್ಚು ತಿಳಿಯಿತು. ಅದರ ಗುಣವೆಲ್ಲ ಹಿಡಿಯುವುದರಲ್ಲಿದೆ. ನಾಲಿಗೆಯನ್ನು ಹಿಡಿಯುತ್ತದೆ, ಗಾಯದ ಮೇಲ್ಮೈಯನ್ನು ಹಿಡಿದು ಬಿಗಿ ಮಾಡುತ್ತದೆ, ಚರ್ಮ ಹದ ಮಾಡುವವರ ಕೈಯಲ್ಲಿ ಹಸಿ ತೊಗಲನ್ನೂ ಹಿಡಿಯುತ್ತದೆ.

ಮರುದಿನ ಬೆಳಿಗ್ಗೆ ಹುಡುಗಿಗೆ ಗುಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅವ್ವನಿಗೆ ಕಾಣದಂತೆ ಅದನ್ನು ಕಷಾಯದ ಬಟ್ಟಲಿಗೇ ಉಗುಳಿ, ಬಟ್ಟಲನ್ನು ಕಿಟಕಿಯ ಮೂಲೆಗೆ ಸರಿಸಿ, ಹಿತ್ತಲಿಗೆ ಹೋಗಿಬಿಟ್ಟಳು. ಸಂಜೆ ಕಸ ಗುಡಿಸಲು ಹೋದ ಅವ್ವ ಚೀರಿದಳು.

"ಬರ್ರಿ ಇಲ್ಲೆ, ಎಲ್ಲಾರೂ ಬಂದ ನೋಡ್ರಿ! ಎಂಥಾ ಗುಳಗಿ ಕೊಟ್ಟಾರ!"

ಬೆಳಿಗ್ಗೆ ಜೇನಿನ ಬಣ್ಣಕ್ಕಿದ್ದ ಕಷಾಯ ಕಾಡಿಗೆಯಂತೆ ಕಪ್ಪಾಗಿತ್ತು. ಬೆರಳು ಅದ್ದಿದ ಅವ್ವನ ಉಗುರಿನ ಸಂದೂ ಕಪ್ಪು. ಹುಡುಗಿ ತಲೆ ತಗ್ಗಿಸಿ ನಡೆದದ್ದನ್ನು ಹೇಳಿದಳು. ಅವ್ವ ಬಯ್ಯಲಿಲ್ಲ. "ಚಲೋ ಆತು ಉಗುಳಿದ್ದು. ಇಂಥಾ ವಿಷ ಹೊಟ್ಟ್ಯಾಗ ಹಾಕಿದ್ರ ರಕ್ತ ಹೆಂಗ ಏರತೈತಿ? ನಾಳಿಂದ ಗುಳಗಿ ಬಂದ್. ನನ್ನ ಕಷಾಯ ಒಂದ ಸಾಕು."

"ಬೇ ಯವ್ವಾ, ಹಂಗ ಬಂದ್ ಮಾಡಬ್ಯಾಡ," ಎಂದೆ. "ಇದನ್ನ ಡಾಕ್ಟರಬಾಯಿಗೆ ತೋರಸೋಣು. ಅವ್ರ ಏನ್ ಅಂತಾರ ಕೇಳೋಣು."

"ತೋರಸೋಣ ನಡಿ. ಅವ್ರ ಮಾರಿ ನಾನೂ ನೋಡತೀನಿ."

ಕಪ್ಪು ನೀರನ್ನು ಬಾಟಲಿಗೆ ಸುರಿದುಕೊಂಡು ನಾವು ಮೂವರೂ ಹೆಂಗಸರು ಬೆಳಗಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದಳು. ಡಾಕ್ಟರಬಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಏನೇನು ಬೆರೆಸಿದ್ದೀರಿ ಎಂದು ವಿಚಾರಿಸಿದರು. ಆಮೇಲೆ ನಕ್ಕರು.

"ವಿಷ ಅಲ್ಲ ಯವ್ವಾ, ಇದು ಶಾಯಿ. ಗುಳಗ್ಯಾಗ ಇರೋದು ಕಬ್ಬಣದ ಸತ್ವ. ಸಿಪ್ಪಿ ಒಗರು ಅದನ್ನ ಹಿಡಕೊಂಡ ಕರ್ರಗ ಮಾಡೈತಿ. ಈಕಿ ಹೊಟ್ಟ್ಯಾಗೂ ಹಿಂಗ ಹಿಡಕೋತೈತಿ, ಮೈಗೆ ಹತ್ತಗೊಡಂಗಿಲ್ಲ. ಚಾದಾಗೂ ಇದ ಒಗರು ಐತಿ, ಗುಳಗಿ ಹೊತ್ತಿಗೆ ಚಾನೂ ಬ್ಯಾಡ."

ಅವ್ವ ಬಾಟಲಿಯನ್ನು ತಿರುಗಿ ಕೈಗೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ನಮ್ಮವ್ವ ಈ ಸಿಪ್ಪಿನ ಕಬ್ಬಣದ ಕಡಾಯ್ಯಾಗ ಕುದಸಗೊಡ್ತಿದ್ದಿಲ್ರಿ. ಕರ್ರಗ ಆಗಿ ಕೆಡತೈತಿ ಅಂತಿದ್ಲು. ನಾ ಹಿತ್ತಾಳಿ ಬೋಗಾಣ್ಯಾಗ ಹುಷಾರಿಲೆ ಕುದಸಿ, ಕಬ್ಬಣಾನ ಈಕಿ ಹೊಟ್ಟ್ಯಾಗ ಇಟ್ಟೀನಿ."

"ನೀವು ಕೆಟ್ಟದ್ದು ಮಾಡಬೇಕಂತ ಮಾಡಿಲ್ಲಲಾ," ಎಂದರು ಡಾಕ್ಟರಬಾಯಿ. "ಬಾಯಿ ಮುಕ್ಕಳಸಾಕ ಸಿಪ್ಪಿ ಇರಲಿ. ಬಸರಾಗ ದಿನಾ ಕುಡಸೋದು ಮಾತ್ರ ಬ್ಯಾಡ. ಗುಳಗಿ ಬದಲ ಮಾಡಿ ಬರಕೊಡತೀನಿ. ಲಿಂಬಿಹಣ್ಣಿನ ನೀರಿನ ಜೋಡಿ ಕೊಡ್ರಿ, ದಾಳಿಂಬಿ ಕಾಳೂ ತಿನಸ್ರಿ."

ಬಸ್ ನಿಲ್ದಾಣದಲ್ಲಿ ಹುಡುಗಿ ಅವ್ವನ ಕೈ ಹಿಡಿದು, "ಸಿಟ್ಟ ಆಗೇರೇನ್ರಿ ಅತ್ತೀ?" ಎಂದಳು.

"ಯಾರ ಮ್ಯಾಲ ಆಗ್ಲಿ ಯವ್ವಾ, ದಾಳಿಂಬಿ ಮ್ಯಾಲೇನು?" ಎಂದು ಅವ್ವ ಲಿಂಬೆಹಣ್ಣು ಕೊಳ್ಳಲು ಹೋದಳು.

ನಾನು ಆ ದಿನಗಳಲ್ಲಿ ಬಹಳ ಯೋಚಿಸಿದ್ದುಂಟು. ಔಷಧಕ್ಕೆ ಒಂದು ಗುಣವಿರುತ್ತದೆ, ಆದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಅದಕ್ಕಿರುವುದಿಲ್ಲ. ಭೇದಿಯನ್ನು ಕಟ್ಟುವ ಹಿಡಿತವೇ ಕಬ್ಬಿಣವನ್ನೂ ಕಟ್ಟುತ್ತದೆ. ಕೊಡುವ ಕೈಯೇ ಹೊತ್ತು ನೋಡಬೇಕು. ಅವ್ವನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಗುಳಿಗೆ ಮತ್ತು ಕಷಾಯ ಎರಡೂ ಒಳ್ಳೆಯವು, ಕೂಡಿ ಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಆಕೆಯದು. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ.

ರಕ್ತ ಒಮ್ಮೆಲೇ ಏರಲಿಲ್ಲ. ಮುಂದಿನ ತಪಾಸಣೆಯಲ್ಲಿ ತುಸು ಏರಿತ್ತು, ಅದರ ಮುಂದಿನದರಲ್ಲಿ ಇನ್ನಷ್ಟು. ಡಾಕ್ಟರಬಾಯಿ ತಿಕೋಟಾಕ್ಕೆ ಹೋಗಲು ಒಪ್ಪಿದರು. ದ್ರಾಕ್ಷಿ ಕಟಾವು ಶುರುವಾದ ಹೊತ್ತಿಗೆ ಅಲ್ಲಿಯ ದವಾಖಾನೆಯಲ್ಲೇ ಆಕೆಗೆ ಹೆಣ್ಣು ಕೂಸು ಹುಟ್ಟಿತು. ರಕ್ತ ಏರಿಸಬೇಕಾಗಲಿಲ್ಲ. ಸುದ್ದಿ ತಿಳಿದ ಮರುದಿನ ಅವ್ವ, ತಮ್ಮ, ನಾನು ಜೀಪು ಮಾಡಿಕೊಂಡು ಹೋಗಿ ಕೂಸನ್ನು ನೋಡಿ ಬಂದೆವು.