ಮಾವ ಏಳು ಸಲ ಸೋತ ಕಾಳಗ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಒಂಬತ್ತನೇ ತರಗತಿಯ ಅರ್ಧದಲ್ಲೇ ಶಾಲೆ ಬಿಟ್ಟವಳು ನಾನು, ಮಾತುಗಳಲ್ಲೂ ತಪ್ಪಿರಬಹುದು, ಕ್ಷಮಿಸಿ. ವಾಚನಾಲಯದ ಕೈಬರಹದ ಪತ್ರಿಕೆಗೆ ನಮ್ಮ ಬೀದಿಯ ಒಬ್ಬರ ಬಗ್ಗೆ ಬರೆಯಲು ಹೇಳಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ನಮ್ಮ ಮಾವ ಒಬ್ಬರೇ. ಮೂರು ಸಲ ಬರೆದು ಹರಿದು ಹಾಕಿದೆ. ಮೂರು ಸಲವೂ ಒಂದು ವಿಷಯ ಬಿಟ್ಟಿದ್ದೆ. ಈ ಸಲ ಬಿಟ್ಟಿಲ್ಲ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಗಾಜು, ಕನ್ನಡಿ ಕತ್ತರಿಸಿ ಚೌಕಟ್ಟು ಹಾಕಿಕೊಡುವ ಅಂಗಡಿ ಅವರದು. ಗಾಜಿನ ಮೇಲೆ ಒಂದೇ ಗೀರು ಎಳೆದು, ಮೇಜಿನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತುತ್ತಾರೆ, ಅಷ್ಟೇ, ನೇರವಾಗಿ ಬಿಟ್ಟುಕೊಳ್ಳುತ್ತದೆ. ಅದೇ ಜಾಗದಲ್ಲಿ ಎರಡನೇ ಸಲ ಗೀರಲು ಬಿಡುವುದಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಹಳೇ ಪೇಪರಿನಿಂದ ಗಾಜು ಒರೆಸುತ್ತೇನೆ, ಚೌಕಟ್ಟಿಗೆ ಮೊಳೆ ಹೊಡೆಯುತ್ತೇನೆ. ಗಿರಾಕಿಗಳ ಜೊತೆ ಮಾತಾಡಬೇಕಾಗಿಲ್ಲ. ಅದಕ್ಕೇ ಆ ಕೆಲಸ ನನಗೆ ಇಷ್ಟ.

ಅಂಗಡಿ ಇಡುವ ಮೊದಲು ಮಾವ ನೌಕಾಪಡೆಯಲ್ಲಿದ್ದರು. ಸೈನಿಕರನ್ನು ದಡಕ್ಕೆ ಇಳಿಸುವ ದೋಣಿ ನಡೆಸುತ್ತಿದ್ದರು. ಅದರ ಬಗ್ಗೆ ಯಾರಾದರೂ ಕೇಳಿದರೆ, "ನಾನು ಬರೀ ಡ್ರೈವರ್ ಕಣಪ್ಪಾ," ಅಂದು ಮಾತು ಮುಗಿಸುತ್ತಿದ್ದರು.

ಮೂರು ವಾರದ ಹಿಂದೆ ಅವರು ಒಂದು ಯುದ್ಧದಾಟ ಮಾಡಿದರು. ಎರಡು ಹಲಗೆ, ಎರಡರ ಮೇಲೂ ಒಂದೇ ದ್ವೀಪ. ದ್ವೀಪಕ್ಕೆ ಇಳಿಯುವ ಜಾಗ ಎರಡು: ಒಂದು ಮರಳಿನ ಕಡೆ, ಇನ್ನೊಂದು ಕೆಸರಿನ ಕಡೆ. ಅಂಗಿಯ ಗುಂಡಿಗಳು ಮಾವನ ದೋಣಿಗಳು. ಕೆಂಪು ಮಣಿಗಳು ನನ್ನ ಗೆರಿಲ್ಲಾಗಳು, ಅಂದರೆ ಗುಡ್ಡದಲ್ಲಿ ಅಡಗಿ ಹೊಂಚು ಹಾಕುವವರು. ನನ್ನವರು ಕಡಿಮೆ, ಒಂದು ಕಡೆ ಮಾತ್ರ ಕಾಯಬಹುದು. ನಡುವೆ ರಟ್ಟಿನ ಮರೆ ಇಟ್ಟು ಇಬ್ಬರೂ ಗುಟ್ಟಾಗಿ ಜೋಡಿಸಿ, ಆಮೇಲೆ ಮರೆ ತೆಗೆದು ದಾಳ ಹಾಕಬೇಕು. ನಾನು ಕಾದ ಕಡೆಯೇ ದೋಣಿ ಬಂದರೆ ದಾಳ ನನಗೆ ಎರಡು ಸಲ, ಅವರಿಗೆ ಒಂದೇ ಸಲ, ಒಟ್ಟು ಹೆಚ್ಚು ಬಿದ್ದವರಿಗೆ ಗೆಲುವು. ಬೇರೆ ಕಡೆ ಬಂದರೆ ಗುಡ್ಡ ಅವರದು.

"ನಿಮ್ಮ ಸೈನ್ಯಕ್ಕೆ ಮನೆಯ ಗುಂಡಿ ಎಲ್ಲಾ ಭರ್ತಿ ಆಯ್ತು," ಅಂದರು ಅತ್ತೆ. "ನಾಳೆ ಎದೆ ಬಿಟ್ಕೊಂಡೇ ಅಂಗಡಿಗೆ ಹೋಗಿ, ಗಿರಾಕಿ ಜಾಸ್ತಿ ಬರ್ತಾರೆ."

"ಒಂದು ತಿಂಗಳು ಸಾಲ ಕೊಡೇ. ಯುದ್ಧ ಮುಗಿದ ಮೇಲೆ ಹೊಲಿಸ್ಕೋತೀನಿ," ಅಂದರು ಮಾವ.

ಸಂಜೆ ಶಟರ್ ಅರ್ಧ ಎಳೆದು ಅಂಗಡಿಯಲ್ಲೇ ಆಡುತ್ತಿದ್ದೆವು. ಆಟಕ್ಕೆ ಮೊದಲು ಮಾವ ಕನ್ನಡಿಗಳನ್ನೆಲ್ಲ ಗೋಣಿತಟ್ಟಿನಿಂದ ಮುಚ್ಚುತ್ತಿದ್ದರು. ಮೊದಲನೇ ದಿನ ಒಂದು ಬಿಟ್ಟುಹೋಗಿತ್ತು. ಕ್ಷೌರದಂಗಡಿಯವರು ಮಾಡಿಸಿದ್ದ ಉದ್ದ ಕನ್ನಡಿ, ಮಾವನ ಬೆನ್ನ ಹಿಂದೆ ಗೋಡೆಗೆ ಒರಗಿತ್ತು. ನಾನು ತಲೆ ಎತ್ತಿದಾಗ ಅದರಲ್ಲಿ ಮಾವನ ಹಲಗೆ ಕಂಡಿತು. ಗುಂಡಿಗಳು ಮರಳಿನ ಕಡೆ ಇದ್ದವು. ನಾನು ಮಣಿಗಳನ್ನು ಮರಳಿನ ಕಡೆಗೆ ಸರಿಸಿದೆ.

ಮಾವ ಸೋತರು. ಮನೆಗೆ ಹೋಗಿ ಅತ್ತೆಗೆ, "ನಿನ್ನ ಸೊಸೆ ತಲೆ ಎಷ್ಟು ಚುರುಕು ಗೊತ್ತಾ? ನನ್ನ ಮನಸ್ಸಲ್ಲಿ ಇರೋದನ್ನ ಓದಿಬಿಟ್ಟಳು!" ಅಂದರು. ಶಾಲೆಯಲ್ಲಿ ನನ್ನನ್ನು ಯಾರೂ ಚುರುಕು ಅಂದಿರಲಿಲ್ಲ. ಪಾಠ ಓದಲು ಎದ್ದು ನಿಂತರೆ ಸಾಲು ತಪ್ಪಿ ಓದುತ್ತಿದ್ದೆ, ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ನನಗೆ ತುಂಬಾ ಖುಷಿಯಾಗಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಎರಡನೇ ಸಲದಿಂದ ಕನ್ನಡಿ ಮುಚ್ಚುವ ಕೆಲಸ ನಾನೇ ವಹಿಸಿಕೊಂಡೆ. ಆ ಉದ್ದ ಕನ್ನಡಿಯ ತಟ್ಟನ್ನು ಮಾತ್ರ ನಾಲ್ಕು ಬೆರಳಷ್ಟು ಸರಿಸಿ ಇಡುತ್ತಿದ್ದೆ. ಕ್ಷೌರದಂಗಡಿಯವರು ಕನ್ನಡಿ ಕೇಳಲು ಬಂದಾಗ ಮಾವ ಇರಲಿಲ್ಲ. "ಚೌಕಟ್ಟಿನ ಅಂಟು ಇನ್ನೂ ಒಣಗಿಲ್ಲ," ಅಂದೆ.

"ಏನಮ್ಮಾ, ಅಂಟೋ ಪಾಯಸವೋ? ಹದಿನೈದು ದಿನದಿಂದ ಗಿರಾಕಿಗಳು ಮುಖ ಅಂದಾಜಿನ ಮೇಲೆ ನೋಡ್ಕೋತಿದ್ದಾರೆ," ಅಂತ ಗೊಣಗಿಕೊಂಡು ಹೋದರು.

ಒಟ್ಟು ಏಳು ಸಲ ಆಡಿದೆವು. ಏಳು ಸಲವೂ ನಾನೇ ಗೆದ್ದೆ. ಏಳನೇ ಸಲ ಸೋತಾಗ ಮಾವ ಜೋರಾಗಿ ನಕ್ಕರು. ಟೀ ತಂದಿದ್ದ ಅತ್ತೆ, "ಸೋತವರೂ ನೀವೇ, ನಗೋರೂ ನೀವೇ. ತಲೆ ನೆಟ್ಟಗಿದೆಯಾ?" ಅಂದರು.

ಮಾವ ನಗು ನಿಲ್ಲಿಸಿ ಕಣ್ಣು ಒರೆಸಿಕೊಂಡರು. "ಪುಟ್ಟಿ, ಈ ದ್ವೀಪ ನಿಜವಾಗ್ಲೂ ಇದೆ ಕಣೇ," ಅಂದರು.

ಆಮೇಲೆ ಎಲ್ಲಾ ಹೇಳಿದರು. ಹದಿನೆಂಟು ವರ್ಷದ ಹಿಂದೆ ಅವರು ಅಲ್ಲಿಗೆ ಹನ್ನೊಂದು ಜನರನ್ನು ಕರೆದುಕೊಂಡು ಹೋಗಿದ್ದರಂತೆ. ನೀರು ಬಲ್ಲವನು ನೀನು, ಎಲ್ಲಿ ಇಳಿಸಬೇಕೋ ನೀನೇ ನೋಡು ಅಂತ ಅಧಿಕಾರಿ ಹೇಳಿದರಂತೆ. ಕೆಸರಿನಲ್ಲಿ ಎಂಜಿನ್ ಹೂತುಕೊಳ್ಳುತ್ತದೆ ಅಂತ ಹೆದರಿ ಮಾವ ಮರಳಿನ ಕಡೆ ಇಳಿಸಿದರು. ಗೆರಿಲ್ಲಾಗಳು ಅಲ್ಲೇ ಕಾದಿದ್ದರು. ವಾಪಸು ಬಂದವರು ನಾಲ್ಕೇ ಜನ. ಬಾರದವರಲ್ಲಿ ಮಾವನ ಗೆಳೆಯರೊಬ್ಬರಿದ್ದರು. ಅವರ ಅಕ್ಕ ಇದೇ ಊರಿನಲ್ಲಿದ್ದಾರೆ. "ಇನ್ನೊಂದು ಕಡೆ ಇಳಿಸಿದ್ರೆ ಅವನು ಉಳೀತಿದ್ನಾ?" ಅಂತ ಆಗ ಕೇಳಿದ್ದರಂತೆ. ಮಾವ ಅಲ್ಲಿಂದ ಎದ್ದು ಬಂದುಬಿಟ್ಟರಂತೆ. ಅಂದಿನಿಂದ ಆ ಬೀದಿಗೇ ಹೋಗಿಲ್ಲ.

"ಮರಳಲ್ಲಿ ನಾಲ್ಕು ಸಲ ಇಳಿಸಿದೆ, ಕೆಸರಲ್ಲಿ ಮೂರು ಸಲ. ಎಲ್ಲಿ ಹೋದ್ರೂ ನೀನಿದ್ದೆ," ಅಂದರು. "ಹದಿನಾರು ವರ್ಷದ ನಿನಗೇ ಗೊತ್ತಾಗೋದು ಅವರಿಗೆ ಗೊತ್ತಾಗ್ತಿರಲಿಲ್ವಾ? ಹೇಗೇ ಇಳಿಸಿದ್ರೂ ಅಷ್ಟೇ. ಭಾನುವಾರ ಹೋಗಿ ಆ ಅಕ್ಕನಿಗೆ ಹೇಳಿಬರ್ತೀನಿ."

ಅತ್ತೆ ಅವರ ಬೆನ್ನು ಸವರಿದರು. ನಾನು ಮಣಿಗಳನ್ನು ಡಬ್ಬಿಗೆ ತುಂಬುತ್ತಾ ತಲೆ ತಗ್ಗಿಸಿ ಕೂತಿದ್ದೆ. ಅವರು ಯಾಕೆ ಆಡುತ್ತಿದ್ದಾರೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಇದಾಗಿ ನಾಲ್ಕು ದಿನವಾಯಿತು. ಮಾವ ಈಗ ಬೆಳಗಿನವರೆಗೂ ನಿದ್ದೆ ಮಾಡುತ್ತಾರೆ ಅಂತ ಅತ್ತೆ ಅಮ್ಮನ ಹತ್ತಿರ ಹೇಳುತ್ತಿದ್ದರು. ಕೆಲಸ ಮಾಡುತ್ತಾ ಸಿಳ್ಳೆ ಹಾಕುವುದನ್ನು ನಾನೇ ಕೇಳಿದ್ದೇನೆ. ನಾನು ಬಾಯಿ ಬಿಟ್ಟರೆ ಮಾವನದು ತಪ್ಪು ಅಂತ ಆಗುವುದಿಲ್ಲ. ತಪ್ಪಲ್ಲ ಅಂತಲೂ ಆಗುವುದಿಲ್ಲ. ಮೊದಲು ಇದ್ದಲ್ಲಿಗೇ ಅವರನ್ನು ತಳ್ಳಿದ ಹಾಗಾಗುತ್ತದೆ. ಸುಮ್ಮನಿದ್ದರೆ, ತಮ್ಮನನ್ನು ಕಳೆದುಕೊಂಡವರ ಎದುರು ಕೂತು ಮಾವ ನನ್ನ ಸುಳ್ಳನ್ನು ನಿಜ ಅಂತ ಹೇಳುತ್ತಾರೆ. ಆ ಅಕ್ಕ ಅದನ್ನು ನಂಬುತ್ತಾರೆ.

ನಾಳೆ ಶನಿವಾರ. ಮಾವ ಶಟರ್ ಎತ್ತುವ ಮೊದಲೇ ಅಂಗಡಿಗೆ ಹೋಗಿ, ನಾನು ಕನ್ನಡಿಯಲ್ಲಿ ನೋಡಿ ಆಡಿದೆ ಅಂತ ಅವರಿಗೆ ಹೇಳುತ್ತೇನೆ.